ತೆರೊಯ್ ಹೊರಡಲು ಒಪ್ಪಲಿಲ್ಲ

ಐಸ್ ಫ್ಯಾಕ್ಟರಿಯ ಎದುರಿನ ಏರನ್ನು ಅರ್ಧ ಹತ್ತುವಷ್ಟರಲ್ಲಿ ಕಪಿತಾನ್ ಬಾಲ್ದೊ ಅವರ ಉಚಿತ ಶವವಾಹನ ಎರಡು ಸಲ ಕೆಮ್ಮಿ, ಒಂದು ಸಲ ನಡುಗಿ, ನಿಂತುಹೋಯಿತು.

ವ್ಯಾನಿನೊಳಗೆ ಇದ್ದವರು ಇಬ್ಬರೇ. ಒಬ್ಬ ಡ್ರೈವರ್ ಪಿದಿಯೊಂಗ್. ಅವನಿಗೆ ಆ ವ್ಯಾನನ್ನು ಓಡಿಸಲು ಗೊತ್ತಿತ್ತು. ಇನ್ನೊಬ್ಬ ಮೆಕ್ಯಾನಿಕ್ ತೆರೊಯ್. ಅವನಿಗೆ ಅದನ್ನು ರಿಪೇರಿ ಮಾಡಲು ಗೊತ್ತಿತ್ತು. ತೊಂದರೆ ಏನೆಂದರೆ, ತೆರೊಯ್ ಹಿಂದೆ ಪೆಟ್ಟಿಗೆಯಲ್ಲಿ ಮಲಗಿದ್ದ.

ಪಿದಿಯೊಂಗ್ ಕೀ ತಿರುಗಿಸಿದ. ಸೆಲ್ಫ್ ಗರಗರ ಎಂದು ಚೆನ್ನಾಗಿಯೇ ತಿರುಗಿತು. ಇಂಜಿನ್ ಮಾತ್ರ ಹತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಗರಗರ. ಹಿಂದೆ ನಡೆದು ಬರುತ್ತಿದ್ದ ಇನ್ನೂರು ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಛತ್ರಿಗೆ ಛತ್ರಿ ಸಿಕ್ಕಿಸಿಕೊಂಡು ನಿಂತರು.

ಆ ವ್ಯಾನಿಗೆ ಇಪ್ಪತ್ತಾರು ವರ್ಷ. ಮೊದಲು ಕೋಸುಗಡ್ಡೆ ಹೊರುತ್ತಿತ್ತು, ಆಮೇಲೆ ಹಂದಿಮರಿ. ಹಿಂದಿನ ಚುನಾವಣೆಗೆ ಮೂರು ತಿಂಗಳಿದೆ ಎನ್ನುವಾಗ ಸಾಂತಾ ಲುಟ್ಗಾರ್ದಾ ಊರಿನ ಮುಖ್ಯಸ್ಥರಾದ ಕಪಿತಾನರು ಅದನ್ನು ಕೊಂಡು, ಬಿಳಿ ಬಣ್ಣ ಹೊಡೆಸಿ, ಎರಡೂ ಪಕ್ಕದಲ್ಲಿ ತಮ್ಮ ಆಳೆತ್ತರದ ಚಿತ್ರ ಬರೆಸಿದ್ದರು. ಹಲ್ಲು ಕಿರಿದು, ಹೆಬ್ಬೆಟ್ಟು ಎತ್ತಿ ನಿಂತ ಚಿತ್ರ. ಕೆಳಗೆ ಕೆಂಪಕ್ಷರದಲ್ಲಿ ‘ಕೊನೆಯವರೆಗೂ ನಿಮ್ಮ ಜೊತೆ’. ಬದುಕಿರುವವರ ಸೇವೆಯಲ್ಲಿ ಬಹಳ ಕಿರಿಕಿರಿ ಇದೆ. ಚರಂಡಿ ತೆಗೆಸಿದರೆ ದೂರು, ತೆಗೆಸದಿದ್ದರೂ ದೂರು. ಸತ್ತವರು ಹಾಗಲ್ಲ. ಕೂರಿಸಿದಲ್ಲಿ ಕೂರದಿದ್ದರೂ ಮಲಗಿಸಿದಲ್ಲಿ ಮಲಗುತ್ತಾರೆ. ಅವರ ಮನೆಯವರಿಗೆ ವೋಟು ಇರುತ್ತದೆ. ಸ್ವಲ್ಪ ಪ್ರಯತ್ನಪಟ್ಟರೆ ಸತ್ತವರಿಗೂ ಇರುತ್ತದೆ.

ಆವತ್ತು ಮೆರವಣಿಗೆಯಲ್ಲಿದ್ದವರೆಲ್ಲ ತೊಟ್ಟಿದ್ದ ಬಿಳಿ ಬನಿಯನ್ನು ಕೂಡ ಕಪಿತಾನರದೇ ಕೊಡುಗೆ. ಎದೆಯ ಮೇಲೆ ತೆರೊಯ್ ಮುಖ, ಬೆನ್ನ ಮೇಲೆ ಕಪಿತಾನರ ಹೆಸರು. ಎದುರಿನಿಂದ ನೋಡಿದರೆ ಶೋಕ, ಹಿಂದಿನಿಂದ ನೋಡಿದರೆ ಪ್ರಚಾರ.

ಕಪಿತಾನರು ಮುಂದಿನ ಸಾಲಿನಿಂದ ಬಂದರು. ಅವರ ಛತ್ರಿಯನ್ನು ಹಿಡಿದುಕೊಂಡು ಅವರ ಸಹಾಯಕನೂ ಬಂದ.

“ಏನಯ್ಯಾ ಪಿದಿಯೊಂಗ್, ಯಾಕೆ ನಿಲ್ಲಿಸಿದೆ?”

“ನಾನು ನಿಲ್ಲಿಸಿಲ್ಲ ಕಪಿತಾನ್. ಅದೇ ನಿಂತಿದೆ.”

“ಅದೇ ನಿಂತಿದ್ರೆ ನಿನಗ್ಯಾಕೆ ಸಂಬಳ? ಫಾದರ್ ಸ್ಮಶಾನದಲ್ಲಿ ಬಿಸಿಲಲ್ಲಿ ಕಾಯ್ತಿದ್ದಾರೆ. ಚುನಾವಣೆ ಹತ್ರ ಇದೆ, ನನ್ನ ಮುಖ ನಡುರಸ್ತೆಯಲ್ಲಿ ಕೆಟ್ಟು ನಿಂತ್ರೆ ಜನ ಏನಂದ್ಕೋತಾರೆ? ಹದಿನೈದು ನಿಮಿಷ ಟೈಮು. ಹೊರಡ್ಲಿಲ್ಲ ಅಂದ್ರೆ ನಾಳೆಯಿಂದ ನೀನು ಹೊರಡು.”

ಪಿದಿಯೊಂಗ್ ಕೆಳಗಿಳಿದು ಪಕ್ಕದ ಸೀಟನ್ನು ಎತ್ತಿದ. ಆ ವ್ಯಾನಿನಲ್ಲಿ ಇಂಜಿನ್ ಇರುವುದು ಸೀಟಿನ ಕೆಳಗೆ. ಬಿಸಿಗಾಳಿ ಮುಖಕ್ಕೆ ರಪ್ಪೆಂದು ಹೊಡೆಯಿತು. ವ್ಯಾನು ಹಂದಿಮರಿ ಹೊರುತ್ತಿದ್ದ ದಿನಗಳಿಂದಲೂ, ಹನ್ನೊಂದು ವರ್ಷ ಅವನು ಇದೇ ಜಾಗದಲ್ಲಿ ತೆರೊಯ್‌ಗೆ ಟಾರ್ಚು ಹಿಡಿದಿದ್ದ, ಸ್ಪ್ಯಾನರ್ ಕೊಟ್ಟಿದ್ದ, ಬೈಸಿಕೊಂಡಿದ್ದ. ಕಲಿತದ್ದರಲ್ಲಿ ಬೈಗುಳವೇ ಹೆಚ್ಚು. ಆದರೆ ತೆರೊಯ್‌ನ ಬೈಗುಳದಲ್ಲೇ ಪಾಠ ಇರುತ್ತಿತ್ತು. ‘ಸೆಲ್ಫ್ ಗಟ್ಟಿ ತಿರುಗ್ತಾ ಇದ್ರೆ ಬ್ಯಾಟರಿ ಯಾಕೋ ಮುಟ್ತೀಯ ಕತ್ತೆ? ಹೊಗೆ ನೋಡು, ಹೊಗೆ! ಹೊಗೆ ಬರ್ತಾ ಇಲ್ಲ ಅಂದ್ರೆ ಡೀಸೆಲ್ ಬರ್ತಾ ಇಲ್ಲ ಅಂತ.’

ಹೊಗೆ ಬಂದಿರಲಿಲ್ಲ.

ಅಷ್ಟರಲ್ಲಿ ಇನ್ನೂರು ಜನರಲ್ಲಿ ನೂರು ಜನ ಮೆಕ್ಯಾನಿಕ್‌ಗಳಾಗಿದ್ದರು.

“ಬ್ಯಾಟರಿ ಹೋಗಿದೆ,” ಎಂದ ಬಾಡಿಗೆಗೆ ಮೂರು ಚಕ್ರದ ಟ್ರೈಸಿಕಲ್ ಓಡಿಸುವ ಬೆರ್ತಿಂಗ್.

“ಬ್ಯಾಟರಿ ಅಲ್ಲ, ನೀರು ಕಾದಿದೆ. ನನ್ನ ಷಡ್ಡಕನ ಗಾಡೀನೂ ಹೀಗೇ ಆಗಿತ್ತು,” ಎಂದ ಐಸ್ ಫ್ಯಾಕ್ಟರಿಯ ಕಾವಲುಗಾರ. ಅವನ ಷಡ್ಡಕನ ಹತ್ತಿರ ಇದ್ದದ್ದು ಎಮ್ಮೆ ಗಾಡಿ.

“ತಳ್ಳಿ, ತಳ್ಳಿ, ತಳ್ಳಿದ್ರೆ ಹತ್ತುತ್ತೆ!”

ಪಿದಿಯೊಂಗ್ ಬೇಡವೆಂದ. ಯಾರೂ ಕೇಳಲಿಲ್ಲ. ಹನ್ನೆರಡು ಗಂಡಸರು ಛತ್ರಿಗಳನ್ನು ಹೆಂಡತಿಯರ ಕೈಗೆ ಕೊಟ್ಟು ವ್ಯಾನಿನ ಹಿಂದೆ ಕೈ ಕೊಟ್ಟರು. ಏರಿನಲ್ಲಿ ವ್ಯಾನು ಎರಡು ಗಜ ಮುಂದೆ ಹೋಗಿ ಮೂರು ಗಜ ಹಿಂದೆ ಬಂತು. ತಳ್ಳುತ್ತಿದ್ದ ಹನ್ನೆರಡು ಜನರಲ್ಲಿ ಒಂಬತ್ತು ಜನ ಆಜ್ಞೆ ಕೊಡುತ್ತಿದ್ದರು. ಕಪಿತಾನರು ತಳ್ಳಲಿಲ್ಲ. ಆದರೆ ಎರಡೂ ಪಕ್ಕದಿಂದ ಹೆಬ್ಬೆಟ್ಟು ಎತ್ತಿ ಹುರಿದುಂಬಿಸಿದರು.

ವ್ಯಾನು ಕೊನೆಗೆ ರಸ್ತೆಯ ಅಂಚಿನಲ್ಲಿ, ತೆಂಗಿನ ಮರದ ನೆರಳಿಗೆ ಬಂದು ಕೂತಿತು. ಚಕ್ರಕ್ಕೆ ಕಲ್ಲು ಕೊಟ್ಟರು. ಆಗ ಪ್ರಾರ್ಥನೆ ಹೇಳಿಕೊಡುವ ತಿನಾಯ್ ಅಜ್ಜಿ ಜಪಸರವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಮುಂದೆ ಬಂದು, ಹಿಂಬಾಗಿಲ ಗಾಜಿನೊಳಗೆ ಇಣುಕಿ, ಊರೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತನ್ನು ಬಾಯಿಬಿಟ್ಟು ಹೇಳಿದಳು.

“ಗಾಡಿಗೇನೂ ಆಗಿಲ್ಲ. ತೆರೊಯ್‌ಗೆ ಹೋಗೋಕೆ ಮನಸ್ಸಿಲ್ಲ.”

ಹೆಣ ಹೊತ್ತ ಗಾಡಿ ದಾರಿಯಲ್ಲಿ ನಿಂತರೆ ಸತ್ತವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದೇ ಅರ್ಥ. ಅವನಿಗೆ ಅನ್ಯಾಯ ಮಾಡಿದವರು ಬಾಗಿಲು ತಟ್ಟಿ ಒಪ್ಪಿಕೊಂಡು ಕ್ಷಮೆ ಕೇಳಬೇಕು. ಕೇಳುವವರೆಗೆ ಹದಿನಾರು ಎತ್ತು ಕಟ್ಟಿದರೂ ಹೊರಡುವುದಿಲ್ಲ. ಇದು ಸಾಂತಾ ಲುಟ್ಗಾರ್ದಾದಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು.

“ಯಾರು ಏನು ಮಾಡಿದ್ದೀರೋ ಹೇಳ್ಬಿಡಿ,” ಎಂದಳು ತಿನಾಯ್ ಅಜ್ಜಿ. “ನನಗೆ ಮಂಡಿ ನೋವು. ಬಹಳ ಹೊತ್ತು ನಿಲ್ಲೋಕಾಗಲ್ಲ.”

ಇನ್ನೂರು ಜನರೂ ಆಕಾಶ ನೋಡಿದರು, ಚಪ್ಪಲಿ ನೋಡಿಕೊಂಡರು, ಆಮೇಲೆ ನಿಧಾನವಾಗಿ ಒಂದೇ ಕಡೆ ನೋಡಿದರು. ಅಲ್ಲಿ ತೆರೊಯ್‌ನ ತಮ್ಮ ರುಫಿನೊ ಕಪ್ಪು ಕನ್ನಡಕ ಹಾಕಿಕೊಂಡು, ಚರ್ಮದ ಚೀಲವನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದ.

ವಿಷಯ ಎಲ್ಲರಿಗೂ ಗೊತ್ತಿತ್ತು. ಹೆಣ ಕಾಯುವ ಮೂರನೆಯ ರಾತ್ರಿ ರುಫಿನೊ ಅತ್ತಿಗೆ ಸಿಯಾಂಗ್‌ಳ ಮುಂದೆ ಒಂದು ಕಾಗದ ಹಿಡಿದಿದ್ದ. ತೆರೊಯ್ ತನ್ನ ಮನೆ, ಗ್ಯಾರೇಜು, ಅದರ ನೆಲ ಎಲ್ಲವನ್ನೂ ತಮ್ಮನಿಗೆ ಬಿಟ್ಟುಕೊಟ್ಟಂತೆ ಬರೆದ ಕಾಗದ. ಕೆಳಗೆ ತೆರೊಯ್ ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿಯಾಗಿ ಕಪಿತಾನ್ ಬಾಲ್ದೊ ಅವರ ರುಜು. “ಒಂಬತ್ತು ದಿನದ ಪ್ರಾರ್ಥನೆ ಮುಗೀಲಿ ಅತ್ತಿಗೆ, ಆಮೇಲೆ ನಿಧಾನಕ್ಕೆ ಮಾತಾಡೋಣ,” ಎಂದಿದ್ದ. ನಿಧಾನಕ್ಕೆ ಎಂದರೆ ಹತ್ತನೆಯ ದಿನ ಎಂದು ಸಿಯಾಂಗ್‌ಗೆ ಅರ್ಥವಾಗಿತ್ತು. ಮೂವತ್ತು ವರ್ಷ ಗಂಡನ ಜೊತೆ ಗ್ರೀಸಿನಲ್ಲಿ ಅದ್ದಿ ತೆಗೆದ ಆ ಮನೆಯನ್ನು ಬಿಟ್ಟರೆ ಅವಳಿಗೆ ಹೋಗಲು ಇನ್ನೊಂದು ಜಾಗ ಇರಲಿಲ್ಲ.

ತೆರೊಯ್ ಹೆಬ್ಬೆಟ್ಟು ಒತ್ತುವ ಮನುಷ್ಯನೇ ಅಲ್ಲ. ಅವನ ರುಜು ಎಂದರೆ ಅರ್ಧ ಹಾಳೆ ತುಂಬುತ್ತಿತ್ತು, ಕೊನೆಯಲ್ಲಿ ಒಂದು ಸುರುಳಿ ಬೇರೆ. ಇನ್ನೂರು ಜನರಿಗೂ ಅನುಮಾನ ಇತ್ತು. ಆದರೆ ಹೆಣ ಕಾಯುವ ಮನೆಯಲ್ಲಿ ಬಿಸ್ಕತ್ತು, ಕಾಫಿ, ಇಸ್ಪೀಟು ಎಲ್ಲ ಇದ್ದುದರಿಂದ ಯಾರ ಬಾಯೂ ಖಾಲಿ ಇರಲಿಲ್ಲ.

ರುಫಿನೊ ಜನರ ನೋಟ ಕಂಡು ಗಂಟಲು ಸರಿಮಾಡಿಕೊಂಡ.

“ಏನ್ರೀ ಇದು ಮೂಢನಂಬಿಕೆ? ಯಾವ ಕಾಲದಲ್ಲಿದ್ದೀರ? ಡೀಸೆಲ್ ಗಾಡಿ, ಗಾಳಿ ಎಳ್ಕೊಂಡಿರುತ್ತೆ. ಅಷ್ಟೇ.”

ಆವತ್ತು ಆ ರಸ್ತೆಯಲ್ಲಿ ವ್ಯಾನಿನ ಬಗ್ಗೆ ಸತ್ಯ ನುಡಿದವನು ಅವನೊಬ್ಬನೇ. ಸುಳ್ಳುಗಾರನ ಬಾಯಿಂದ ಬಂದದ್ದರಿಂದ ಯಾರೂ ನಂಬಲಿಲ್ಲ.

ಪಿದಿಯೊಂಗ್‌ಗೂ ಅದೇ ಅನುಮಾನ ಬಂದಿತ್ತು. ಕೀ ಅರ್ಧ ತಿರುಗಿಸಿ ಕಿವಿಗೊಟ್ಟ. ಪಂಪಿನ ಹತ್ತಿರ ಟಿಕ್ ಎಂದಿತು. ಅಲ್ಲಿಗೆ ಕರೆಂಟು ಬರುತ್ತಿದೆ. ಡೀಸೆಲ್ ಫಿಲ್ಟರಿನ ತಲೆಯ ಮೇಲಿನ ಕೈಪಂಪನ್ನು ಒತ್ತಿದ. ಗಟ್ಟಿಯಾಗಬೇಕಾದದ್ದು ಹಣ್ಣಾದ ಪಪಾಯದ ಹಾಗೆ ಒಳಗೆ ಹೋಯಿತು. ಪಕ್ಕದ ಗಾಳಿ ಬಿಡುವ ಸ್ಕ್ರೂವನ್ನು ಸಡಿಲಿಸಿದ. ಬುಸಬುಸ ಎಂದು ನೊರೆ ಉಕ್ಕಿತು.

ಹಿಂದೆ ಬಾಗಿಲು ತಟ್ಟುವ ಸದ್ದು ಕೇಳಿತು. ಬೆರ್ತಿಂಗ್ ಟೋಪಿ ತೆಗೆದು ನಿಂತಿದ್ದ.

“ತೆರೊಯಣ್ಣ, ನಾನು ಬೆರ್ತಿಂಗ್. ನೀನು ಬೆಸುಗೆ ಹಾಕಿದ ಚಾಸಿ ಮುರೀತು ಅಂತ ನಾನು ಊರೆಲ್ಲಾ ಸಾರಿದ್ದೆ ನೋಡು, ಬೆಸುಗೆ ಸರಿಯಾಗಿಯೇ ಇತ್ತು. ನಾನು ಕುಡಿದು ಎಮ್ಮೆಗೆ ಗುದ್ದಿದ್ದೆ.”

“ಅಯ್ಯೋ ಪಾಪಿ, ಅದು ನನ್ನ ಎಮ್ಮೆ!” ಎಂದು ಗುಂಪಿನಿಂದ ಯಾರೋ ಕೂಗಿದರು.

“ನಿನ್ನ ಹತ್ರ ಆಮೇಲೆ ಮಾತಾಡ್ತೀನಿ, ಮೊದ್ಲು ಸತ್ತವನದು ಮುಗೀಲಿ,” ಎಂದ ಬೆರ್ತಿಂಗ್.

ಐಸ್ ಫ್ಯಾಕ್ಟರಿಯ ಕಾವಲುಗಾರ ಮುಂದೆ ಬಂದ. ತೆರೊಯ್‌ನ ಕೆಂಪು ಹುಂಜಕ್ಕೆ ಕಾಳಗದ ಹಿಂದಿನ ಸಂಜೆ ಹೊಟ್ಟೆಬಿರಿಯ ಅನ್ನ ತಿನ್ನಿಸಿದವನು ತಾನೇ ಎಂದ. “ಅದು ಸೋತಿದ್ದು ನಿನ್ನ ತಪ್ಪಲ್ಲಣ್ಣ. ಅದಕ್ಕೆ ಎಗರೋಕೇ ಆಗ್ತಿರ್ಲಿಲ್ಲ.” ಮೀನು ಮಾರುವ ಹೆಂಗಸೊಬ್ಬಳು, ತೆರೊಯ್ ತನ್ನ ಕಡೆ ನೋಡಿ ಶಿಳ್ಳೆ ಹೊಡೆದನೆಂದು ಹನ್ನೆರಡು ವರ್ಷದ ಹಿಂದೆ ಹೇಳಿದ್ದು ಸುಳ್ಳು, ಅವನು ಟೈರಿನ ಗಾಳಿ ಪರೀಕ್ಷೆ ಮಾಡುತ್ತಿದ್ದ ಎಂದು ಅತ್ತಳು. ಸಿಯಾಂಗ್ ಅವಳತ್ತ ತಿರುಗಿ, “ಹನ್ನೆರಡು ವರ್ಷ ಅವನಿಗೆ ಶಿಳ್ಳೆ ಹೊಡೆಯೋಕೆ ಬಿಟ್ಟಿಲ್ಲ ನಾನು,” ಎಂದಳು.

ಪಿದಿಯೊಂಗ್ ಇದೆಲ್ಲ ಅರ್ಧ ಕೇಳಿಸಿಕೊಳ್ಳುತ್ತ ಕೈಪಂಪು ಒತ್ತುತ್ತಲೇ ಇದ್ದ. ನೊರೆ ಕಡಿಮೆಯಾಯಿತು. ಸ್ಕ್ರೂ ಬಿಗಿದು, ಕೀ ತಿರುಗಿಸಿದ. ಇಂಜಿನ್ ಗುಡುಗಿತು! ಎರಡು ಉಸಿರು ಆಡಿ, ಮತ್ತೆ ನಿಂತಿತು.

ಜನ ಹೋ ಎಂದರು. ಹಲವರು ಶಿಲುಬೆಯ ಗುರುತು ಹಾಕಿಕೊಂಡರು.

“ನೋಡಿದ್ರಾ!” ಎಂದಳು ತಿನಾಯ್ ಅಜ್ಜಿ. “ಚಿಲ್ಲರೆ ಪಾಪಕ್ಕೆ ಚಿಲ್ಲರೆ ಸ್ಟಾರ್ಟು. ದೊಡ್ಡದು ಒಳಗೇ ಇದೆ.”

ಇನ್ನೂರು ಜೋಡಿ ಕಣ್ಣು ಮತ್ತೆ ಚರ್ಮದ ಚೀಲದ ಮೇಲೆ ಕೂತವು.

ಪಿದಿಯೊಂಗ್ ಲೆಕ್ಕ ಬೇರೆ ಇತ್ತು. ಗಾಳಿ ತೆಗೆದ ಮೇಲೂ ನಿಂತಿತು ಎಂದರೆ ಹೊಸ ಗಾಳಿ ಎಲ್ಲಿಂದಲೋ ಬರುತ್ತಿದೆ. ಅವನು ಬೆನ್ನಡಿಗೆ ರಟ್ಟು ಹಾಕಿಕೊಂಡು ವ್ಯಾನಿನ ಕೆಳಗೆ ನುಸುಳಿದ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪನ್ನು ಬೆರಳಲ್ಲಿ ತಡಕುತ್ತ ಬಂದ. ಫಿಲ್ಟರಿಗೆ ಒಂದು ಮೊಳ ಇರುವಾಗ, ಬಿಗಿಪಟ್ಟಿಯ ಪಕ್ಕದಲ್ಲೇ ಉಗುರು ಒಳಗೆ ಹೋಯಿತು. ಬಿರುಕು. ಹೊರಗೆ ತೊಟ್ಟಿಕ್ಕದೆ ಒಳಗೆ ಗಾಳಿ ಎಳೆಯುವ ಜಾತಿಯ ಬಿರುಕು.

ತನ್ನ ಪೆಟ್ಟಿಗೆಯಿಂದ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ ತಂದು, ಎಳೆದೆಳೆದು, ಒಂದರ ಮೇಲೊಂದು ಸುತ್ತು ಬರುವಂತೆ ಬಿಗಿದ. ಮೇಲೆ ಬಂದು ಮತ್ತೆ ಕೈಪಂಪು ಒತ್ತಿದ. ಈಗ ನೊರೆ ಇಲ್ಲದ ಡೀಸೆಲ್ ಬಂತು. ಇನ್ನೆರಡು ಒತ್ತಿಗೆ ಕೈಪಂಪು ಕಲ್ಲಾಯಿತು. ಸ್ಕ್ರೂ ಬಿಗಿದ. ಇನ್ನು ಕೀ ತಿರುಗಿಸಿದರೆ ಆಯಿತು. ಹದಿನೈದು ನಿಮಿಷದಲ್ಲಿ ಇನ್ನೂ ನಾಲ್ಕು ಉಳಿದಿತ್ತು. ಕೆಲಸವೂ ಉಳಿಯಿತು.

ಕೈ ಒರೆಸಿಕೊಳ್ಳುವಾಗ ಛತ್ರಿಯೊಂದು ಕಿಟಕಿಯ ಬಳಿ ಬಂತು. ಛತ್ರಿಯ ಕೆಳಗೆ ಸಿಯಾಂಗ್. ಕೈಯಲ್ಲಿ ನೀರಿನ ಬಾಟಲಿ.

“ಆಯ್ತಾ?” ಎಂದಳು ಮೆಲ್ಲಗೆ.

“ಆಯ್ತಕ್ಕ. ಪೈಪು ಸೀಳಿತ್ತು.”

“ಗೊತ್ತು. ಬೆಳಿಗ್ಗೆ ಮನೆ ಮುಂದೆ ಸ್ಟಾರ್ಟ್ ಮಾಡ್ದಾಗಲೇ ಸದ್ದು ಕೇಳ್ದೆ. ಮೂವತ್ತು ವರ್ಷ ಇದೇ ಸಂಗೀತ ಕೇಳಿದ್ದೀನಿ.” ಅವಳು ಬಾಟಲಿ ಚಾಚಿದಳು. “ಆಗಿಲ್ಲ ಅಂತ ಹೇಳು.”

“ಆಂ?”

“ರುಫಿನೊ ಇನ್ನೂ ಬಾಯಿ ಬಿಟ್ಟಿಲ್ಲ ಪಿದಿಯೊಂಗ್. ಇವತ್ತು ಬಿಡ್ಲಿಲ್ಲ ಅಂದ್ರೆ ಇನ್ಯಾವತ್ತು ಬಿಡ್ತಾನೆ? ನಾನು ಸ್ನಾನ ಮಾಡ್ಸುವಾಗ ನೋಡ್ದೆ, ತೆರೊಯ್ ಹೆಬ್ಬೆರಳಲ್ಲಿ ನೀಲಿ ಶಾಯಿ. ಮೂವತ್ತು ವರ್ಷ ಆ ಬೆರಳಲ್ಲಿ ಕಪ್ಪು ಗ್ರೀಸು ಬಿಟ್ರೆ ಬೇರೆ ಬಣ್ಣ ಕಂಡಿಲ್ಲ ನಾನು. ಯಾರಿಗೆ ಹೇಳ್ಲಿ? ಕಪಿತಾನರಿಗಾ? ಅವರೇ ಸಾಕ್ಷಿ.”

ಪಿದಿಯೊಂಗ್ ಬೆವರು ಒರೆಸಿಕೊಂಡ. ಆ ಕಡೆ ಕಪಿತಾನರು ಗಡಿಯಾರ ನೋಡುತ್ತಿದ್ದರು. ಕೆಲಸ ಹೋದರೆ ಊರಲ್ಲಿ ಡ್ರೈವರ್ ಕೆಲಸ ಇನ್ನೊಂದಿಲ್ಲ. ಅಲ್ಲದೆ ಸತ್ತ ಗೆಳೆಯನನ್ನು ರಸ್ತೆ ಬದಿಯಲ್ಲಿ ಮಲಗಿಸಿಕೊಂಡು ನಾಟಕ ಆಡುವುದು ಪಾಪವೋ ಅಲ್ಲವೋ, ಫಾದರ್‌ನ ಕೇಳೋಣವೆಂದರೆ ಅವರು ಸ್ಮಶಾನದಲ್ಲಿ ಇದ್ದರು. ತೆರೊಯ್ ಇದ್ದಿದ್ದರೆ ಏನನ್ನುತ್ತಿದ್ದ? ‘ಕೇಳ್ತಾ ನಿಂತಿದ್ದೀಯಲ್ಲೋ ಕತ್ತೆ, ಸ್ಕ್ರೂ ಬಿಚ್ಚು’ ಎನ್ನುತ್ತಿದ್ದ.

ಪಿದಿಯೊಂಗ್ ಸ್ಕ್ರೂವನ್ನು ಒಂದು ಸುತ್ತು ಸಡಿಲಿಸಿ, ತುಸು ಡೀಸೆಲ್ ಹೊರಚೆಲ್ಲಿ, ಜೋರಾಗಿ ಕೂಗಿದ:

“ಆಗ್ತಾ ಇಲ್ಲ ಕಪಿತಾನ್! ನನ್ನ ಕೈಯಲ್ಲಿ ಆಗೋದೆಲ್ಲ ಮಾಡ್ದೆ. ಇದು ಗಾಡಿದು ಅನ್ಸಲ್ಲ!”

ಗುಂಪಿನಲ್ಲಿ ಗುಸುಗುಸು ಎದ್ದಿತು. ರುಫಿನೊ ಸಿಟ್ಟಿನಿಂದ ಮುಂದೆ ಬಂದ.

“ಕೈಲಾಗದವನಿಗೆ ದೆವ್ವ ನೆಪ! ಏರ್ ಲಾಕ್ ಅಂತ ಆಗ್ಲೇ ಹೇಳಿಲ್ವಾ?”

“ಅಷ್ಟು ತಿಳಿದವರು ನೀವೇ ಹತ್ತಿ ಸ್ವಾಮಿ,” ಎಂದ ಬೆರ್ತಿಂಗ್. ತಪ್ಪೊಪ್ಪಿಕೊಂಡ ಮೇಲೆ ಅವನಿಗೆ ಬಹಳ ಹಗುರಾಗಿತ್ತು. “ನಿಮಗೂ ಅಣ್ಣನಿಗೂ ಮಧ್ಯೆ ಏನೂ ಇಲ್ಲ ಅಂದ್ರೆ ಒಂದೇ ಸಲಕ್ಕೆ ಹೊರಡುತ್ತೆ.”

“ಹತ್ತಲಿ, ಹತ್ತಲಿ,” ಎಂದಿತು ಗುಂಪು.

ಹಿಂದೆ ಸರಿದರೆ ಒಪ್ಪಿಕೊಂಡಂತೆ. ರುಫಿನೊ ಹತ್ತಿದ. ಡ್ರೈವರ್ ಸೀಟಿನ ಹಿಂದೆ ಒಂದು ಅಂಗೈಯಗಲದ ಕಿಟಕಿ, ಅದರಾಚೆ ಪೆಟ್ಟಿಗೆ. ಅವನು ಹಿಂದೆ ನೋಡಲಿಲ್ಲ. ಕೀ ತಿರುಗಿಸಿದ. ಗರಗರ. ಮತ್ತೆ ತಿರುಗಿಸಿದ. ಗರಗರ. ಕಪ್ಪು ಕನ್ನಡಕ ಮೂಗಿನ ಮೇಲಿಂದ ಜಾರಿತು. ಬೆನ್ನ ಮೇಲಿದ್ದ ಕಪಿತಾನರ ಹೆಸರು ಬೆವರಿನಲ್ಲಿ ನೆನೆದು ಸೀಟಿಗೆ ಅಂಟಿಕೊಂಡಿತು.

“ಮಾತಾಡಪ್ಪ ಅವನ ಹತ್ರ,” ಎಂದಳು ತಿನಾಯ್ ಅಜ್ಜಿ, ಕಿಟಕಿಗೆ ಮುಖ ತಂದು. “ಒಡಹುಟ್ಟಿದವನು. ನಮ್ಮ ಹತ್ರ ಹೇಳ್ಬೇಡ, ಅವನ ಹತ್ರ ಹೇಳು. ನಮಗೇನೂ ಕೇಳ್ಸಲ್ಲ.”

ಇನ್ನೂರು ಜನ ಏನೂ ಕೇಳಿಸದ ಹಾಗೆ ಎರಡು ಹೆಜ್ಜೆ ಹತ್ತಿರ ಬಂದರು.

ರುಫಿನೊ ತುಟಿ ಕಚ್ಚಿಕೊಂಡು ಮೂರನೆಯ ಸಲ ಕೀ ತಿರುಗಿಸಿದ. “ಅಣ್ಣಾ, ಹೊರಡಣ್ಣಾ,” ಎಂದ, ಉಸಿರಿನಲ್ಲೇ. ಇಂಜಿನ್ ಒಂದೇ ಒಂದು ಸಲ ಖೊಕ್ ಎಂದು ಕೆಮ್ಮಿತು.

ಪಿದಿಯೊಂಗ್‌ನ ತೋಳಿನ ಕೂದಲು ನೆಟ್ಟಗೆ ನಿಂತವು. ಸ್ಕ್ರೂ ಬಿಚ್ಚಿದ ಗಾಡಿ ಕೆಮ್ಮಬಾರದು. ಪೈಪಿನಲ್ಲಿ ಎಲ್ಲೋ ಒಂದು ಚಮಚ ಡೀಸೆಲ್ ಉಳಿದಿತ್ತೆಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ತೆರೊಯ್ ಕೂಡ ಹೀಗೇ ಕೆಮ್ಮುತ್ತಿದ್ದ, ಯಾರಾದರೂ ತನ್ನೆದುರು ಸುಳ್ಳು ಹೇಳಿದರೆ.

ರುಫಿನೊ ಕೀ ಬಿಟ್ಟು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡ.

“ನಾನು ಬಲವಂತ ಮಾಡಿಲ್ಲ ಅಣ್ಣಾ!” ಎಂದು ಒಮ್ಮೆಲೇ ಕೂಗಿದ. “ಬರೀ ಬೆರಳು ಹಿಡ್ಕೊಂಡೆ. ನೀನು ಬೇಡ ಅನ್ಲಿಲ್ಲ!”

“ಅವನು ಯಾಕೆ ಬೇಡ ಅನ್ಲಿಲ್ಲಪ್ಪ?” ತಿನಾಯ್ ಅಜ್ಜಿಯ ದನಿ ಜೇನಿನ ಹಾಗಿತ್ತು.

“ನಿದ್ದೇಲಿದ್ದ.”

“ಎಂಥ ನಿದ್ದೆ?”

“ಆಸ್ಪತ್ರೇಲಿ... ಮೂಗಿಗೆ ಕೊಳವೆ ಹಾಕಿದ್ರಲ್ಲ, ಆ ದಿನ. ಅತ್ತಿಗೆ ಔಷಧಿ ತರೋಕೆ ಹೋಗಿದ್ರು.” ಅವನು ಅಳತೊಡಗಿದ. “ಎಷ್ಟು ಕರೆದರೂ ಏಳ್ಲಿಲ್ಲ ಅಣ್ಣ. ಎದ್ದಿದ್ರೆ ಕೇಳೇ ಕೇಳ್ತಿದ್ದೆ.”

“ಕಪಿತಾನರು ನೋಡ್ತಾ ನಿಂತಿದ್ರಾ?”

“ಕಪಿತಾನರು ಎಲ್ಲಿ ಬಂದ್ರು? ಅವರು ಮೊದ್ಲೇ ರುಜು ಹಾಕಿದ ಖಾಲಿ ಹಾಳೆ ಕೊಟ್ಟಿದ್ರು.”

ಕಪಿತಾನರ ಛತ್ರಿ ಹಿಡಿದಿದ್ದ ಸಹಾಯಕ ಅರಿವಿಲ್ಲದೆ ಛತ್ರಿಯನ್ನು ತನ್ನ ತಲೆಯ ಮೇಲೆ ಸರಿಸಿಕೊಂಡ. ಕಪಿತಾನರು ಬಿಸಿಲಿನಲ್ಲಿ ನಿಂತರು. ಇನ್ನೂರು ಎದೆಗಳ ಮೇಲಿಂದ ಇನ್ನೂರು ತೆರೊಯ್‌ಗಳು ಅವರನ್ನೇ ನೋಡುತ್ತಿದ್ದರು.

ರಾಜಕೀಯದಲ್ಲಿ ಇಪ್ಪತ್ತೆರಡು ವರ್ಷ ಕಳೆದವರಿಗೆ ಯಾವ ಕಡೆ ನಿಲ್ಲಬೇಕೆಂದು ತಿಳಿಯಲು ಮೂರು ಕ್ಷಣ ಸಾಕು. ಕಪಿತಾನರು ಎರಡೇ ತೆಗೆದುಕೊಂಡರು.

“ರುಫಿನೊ!” ಎಂದು ಗುಡುಗಿದರು. “ನನ್ನ ಪವಿತ್ರವಾದ ರುಜುವನ್ನು ಹೀಗೆ ದುರುಪಯೋಗ ಮಾಡ್ದೆಯಾ? ಬಂಧುಗಳೇ, ಜನರಿಗೆ ತಡ ಆಗಬಾರದು ಅಂತ ನಾನು ಖಾಲಿ ಹಾಳೆಗಳಿಗೆ ಮೊದಲೇ ರುಜು ಹಾಕಿಡ್ತೀನಿ. ಇದು ನನ್ನ ಸೇವೆಯ ಪದ್ಧತಿ! ನನ್ನಂಥ ಪರೋಪಕಾರಿಯ ನಂಬಿಕೆಗೆ ಇವನು ದ್ರೋಹ ಮಾಡಿದ್ದಾನೆ!”

“ಹಾಗಾದ್ರೆ ಈ ಕಾಗದಕ್ಕೆ ನೀವು ಸಾಕ್ಷಿ ಅಲ್ಲ?” ಸಿಯಾಂಗ್ ಕೇಳಿದಳು. ಮೆರವಣಿಗೆ ಹೊರಟಾಗಿನಿಂದ ಅವಳು ಜೋರಾಗಿ ಮಾತಾಡಿದ್ದು ಅದೇ ಎರಡನೆಯ ಸಲ.

“ಖಂಡಿತ ಅಲ್ಲ ತಂಗೀ!”

“ಅದನ್ನೇ ಬರೆದುಕೊಡಿ.”

“ಸೋಮವಾರ ಆಫೀಸಿಗೆ ಬಾ, ಅಚ್ಚುಕಟ್ಟಾಗಿ ಟೈಪ್ ಮಾಡ್ಸಿ...”

“ತೆರೊಯ್ ಸೋಮವಾರದವರೆಗೆ ಇಲ್ಲೇ ಇರ್ತಾನಂತಾ?” ಎಂದಳು ತಿನಾಯ್ ಅಜ್ಜಿ.

ಚರ್ಮದ ಚೀಲ ತೆರೆಯಿತು. ಯಾವ ಬೀರುವನ್ನೂ ನಂಬದೆ ರುಫಿನೊ ಜೊತೆಯಲ್ಲೇ ಹೊತ್ತು ತಿರುಗುತ್ತಿದ್ದ ಕಾಗದ ಹೊರಗೆ ಬಂತು. ಬರೆಯಲು ಮೇಜು ಇರಲಿಲ್ಲ. ಕಪಿತಾನರು ಕಾಗದವನ್ನು ವ್ಯಾನಿನ ಪಕ್ಕಕ್ಕೆ, ತಮ್ಮದೇ ಚಿತ್ರದ ಕೆನ್ನೆಗೆ ಒತ್ತಿಹಿಡಿದು, ಹಿಂಬದಿಯಲ್ಲಿ ತಾವು ಈ ಹೆಬ್ಬೆಟ್ಟು ಒತ್ತಿದ್ದನ್ನು ಕಂಡಿಲ್ಲವೆಂದು ಬರೆದು, ತಾರೀಕು ಹಾಕಿ, ರುಜು ಮಾಡಿದರು. ಬರೆದದ್ದನ್ನು ಓದಿ ರುಜು ಮಾಡಿದ್ದು ಬಹುಶಃ ಅದೇ ಮೊದಲು. ಕೆಳಗೆ ರುಫಿನೊ ಕೂಡ ಒಪ್ಪಿಕೊಂಡು ಬರೆದ. ತಿನಾಯ್ ಅಜ್ಜಿ ಸಾಕ್ಷಿ ಹಾಕಿದಳು. ಬೆರ್ತಿಂಗ್ ಸಾಕ್ಷಿ ಹಾಕಿದ. ಎಮ್ಮೆಯ ಯಜಮಾನನೂ ಹಾಕಿದ, ಬೆರ್ತಿಂಗ್‌ನ ರುಜುವಿನ ಮೇಲೆ ಒಂದು ಕಣ್ಣಿಟ್ಟುಕೊಂಡೇ.

“ಹರಿದು ಹಾಕಮ್ಮ ಅದನ್ನ,” ಎಂದರು ಯಾರೋ.

“ಹರಿದ್ರೆ ಇನ್ನೊಂದು ಬರೀತಾರೆ,” ಎಂದಳು ಸಿಯಾಂಗ್. ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟು ಝಿಪ್ ಎಳೆದಳು. ಆಮೇಲೆ ಪಿದಿಯೊಂಗ್ ಕಡೆ ತಿರುಗಿ, “ಇನ್ನೊಂದು ಸಲ ನೋಡಪ್ಪ, ಹೊರಡ್ತಾನೇನೋ,” ಎಂದಳು.

ಪಿದಿಯೊಂಗ್ ಸೀಟಿನ ಕೆಳಗೆ ಕೈ ಹಾಕಿ, ಎಲ್ಲರ ಕಣ್ಣಿಗೂ ಪ್ರಾರ್ಥನೆಯ ಹಾಗೆ ಕಾಣುವಷ್ಟು ಹೊತ್ತು ಬಗ್ಗಿ, ಕೈಪಂಪನ್ನು ಹತ್ತು ಸಲ ಒತ್ತಿ, ಸ್ಕ್ರೂ ಬಿಗಿದ. ಕೀ ತಿರುಗಿಸಿದ. ವ್ಯಾನು ಒಂದೇ ಏಟಿಗೆ ಹತ್ತಿಕೊಂಡಿತು. ಹಿಂದಿನಿಂದ ಹೊಗೆ ಬುಸ್ಸೆಂದು ನುಗ್ಗಿ, ತೀರ ಹತ್ತಿರ ನಿಂತಿದ್ದ ರುಫಿನೊ ಮುಖಕ್ಕೆ ಮಸಿ ಬಳಿಯಿತು. ಅದಕ್ಕೆ ಪಿದಿಯೊಂಗ್ ಕಾರಣನಲ್ಲ. ಆ ಇಂಜಿನಿನ ಅಭ್ಯಾಸವೇ ಅದು.

ಸ್ಮಶಾನದಲ್ಲಿ ಕಪಿತಾನರು ಇಪ್ಪತ್ತು ನಿಮಿಷ ಭಾಷಣ ಮಾಡಿದರು. ತಮ್ಮ ಶವವಾಹನ ಹೆಣವನ್ನು ಮಾತ್ರವಲ್ಲ, ನ್ಯಾಯವನ್ನೂ ಹೊರುತ್ತದೆ ಎಂದರು. ಜನ ಚಪ್ಪಾಳೆ ತಟ್ಟಿದರು. ಚುನಾವಣೆಯಲ್ಲಿ ಅವರೇ ಮತ್ತೆ ಗೆದ್ದರು, ಹಿಂದಿನದಕ್ಕಿಂತ ಹೆಚ್ಚು ಅಂತರದಿಂದ.

ಆದರೆ ವ್ಯಾನಿಗೆ ಮಾತ್ರ ಆಮೇಲೆ ಕೆಲಸ ಸಿಗಲಿಲ್ಲ. ಮೊದಲು ಊರಿನಲ್ಲಿ ಯಾರಾದರೂ ಕಣ್ಣು ಮುಚ್ಚುವ ಮೊದಲೇ ಮನೆಯವರು ಬಂದು ಉಚಿತ ಗಾಡಿ ಹೇಳಿಟ್ಟು ಹೋಗುತ್ತಿದ್ದರು. ಈಗ ಗುಡಿಸಲಲ್ಲಿ ಇರುವವರೂ ಪಟ್ಟಣದಿಂದ ಬಾಡಿಗೆ ಗಾಡಿ ತರಿಸತೊಡಗಿದರು. ಒಬ್ಬ ಅಳಿಯ ಮಾವನನ್ನು ಎತ್ತಿನಗಾಡಿಯಲ್ಲೇ ಒಯ್ದ. ಒಂದು ಮನೆಯ ಐದು ಮಕ್ಕಳು ತಾಯಿಯ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಎರಡು ಮೈಲಿ ಓಡುನಡಿಗೆಯಲ್ಲಿ ಹೋದರು, ಅದೂ ಐಸ್ ಫ್ಯಾಕ್ಟರಿಯ ಏರು ಬಿಟ್ಟು ಗದ್ದೆಯ ಬದುವಿನ ಮೇಲೆ. ತಾಯಿಯ ಮೇಲೆ ಎಂಥ ಪ್ರೀತಿ ಎಂದು ಬೇರೆ ಊರಿನವರು ಕಣ್ಣೀರು ಹಾಕಿದರು. ಕಪಿತಾನರ ಸ್ವಂತ ದೊಡ್ಡಪ್ಪ ತೀರಿಕೊಂಡಾಗ, ತಮ್ಮ ಗಾಡಿಯನ್ನು ಬಡವರಿಗೆಂದೇ ಮೀಸಲಿಟ್ಟಿರುವುದಾಗಿ ಹೇಳಿ ಕಪಿತಾನರು ಕೂಡ ಪಟ್ಟಣಕ್ಕೆ ಫೋನು ಮಾಡಿದರು.

ವ್ಯಾನು ಸಿಯಾಂಗ್‌ಳ ಗ್ಯಾರೇಜಿನ ಅಂಗಳದಲ್ಲಿ ನಿಂತಿತು. ಡ್ರೈವರ್‌ಗೆ ಕೆಲಸವಿಲ್ಲವೆಂದು ಕಪಿತಾನರು ಪಿದಿಯೊಂಗ್‌ನನ್ನು ಕೈಬಿಟ್ಟರು. ಅವನು ಅದೇ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆದ. ಸಿಯಾಂಗ್ ಟಾರ್ಚು ಹಿಡಿಯುತ್ತಿದ್ದಳು, ಬೈಯುತ್ತಿದ್ದಳು ಕೂಡ. ಬೈಗುಳಗಳೆಲ್ಲ ತೆರೊಯ್‌ನವೇ. ಕತ್ತೆ ಎನ್ನುವಲ್ಲಿ ಮಾತ್ರ ಸ್ವಲ್ಪ ಮೆತ್ತಗೆ.

ಒಂದು ಮಧ್ಯಾಹ್ನ ತಿನಾಯ್ ಅಜ್ಜಿ ಕೋಲೂರಿಕೊಂಡು ಅಂಗಳಕ್ಕೆ ಬಂದಳು. ಹಿಂದೆ ಮೂವರು ಗಂಡುಮಕ್ಕಳು, ನಡುವಯಸ್ಸಿನವರು, ಮುಖ ಬಿಳುಚಿಕೊಂಡವರು. ಅಜ್ಜಿ ವ್ಯಾನನ್ನು ಒಂದು ಸುತ್ತು ಬಂದಳು, ಚಕ್ರಕ್ಕೆ ಕೋಲಿನಿಂದ ತಟ್ಟಿದಳು, ಹಿಂಬಾಗಿಲು ತೆಗೆಸಿ ಒಳಗೆ ಉದ್ದ ಎಷ್ಟಿದೆ ನೋಡಿದಳು.

“ನನಗೆ ಇದೇ ಗಾಡಿ ಬೇಕು ಪಿದಿಯೊಂಗ್. ಈಗಲೇ ಹೇಳಿಟ್ಟಿದ್ದೀನಿ.”

“ಅಮ್ಮಾ, ನಿನಗೇನಾಗಿದೆ, ಇನ್ನೂ ಇಪ್ಪತ್ತು ವರ್ಷ ಇರ್ತೀಯ,” ಎಂದ ಹಿರಿಯ ಮಗ. “ಅಲ್ಲದೆ ಪಟ್ಟಣದ ಗಾಡೀಲಿ ಎ.ಸಿ. ಇದೆ.”

“ಸತ್ತಮೇಲೆ ನನಗ್ಯಾಕೋ ಎ.ಸಿ.?” ಅಜ್ಜಿ ಅವನ ಕಡೆ ನೋಡಲೂ ಇಲ್ಲ. “ಇದು ಏರಲ್ಲಿ ನಿಲ್ಲುತ್ತಾ ಪಿದಿಯೊಂಗ್?”

ಪಿದಿಯೊಂಗ್ ಕೈಯಲ್ಲಿದ್ದ ಬಟ್ಟೆಯಲ್ಲಿ ಸ್ಪ್ಯಾನರ್ ಒರೆಸಿದ. ಮೂವರು ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ನೋಡಿದ. ಕಿರಿಯವನು ಆಗಲೇ ಗೇಟಿನ ಕಡೆ ಸರಿಯುತ್ತಿದ್ದ.

“ಎಷ್ಟು ಹೊತ್ತು ನಿಲ್ಲಬೇಕು ಹೇಳಿ ಅಜ್ಜಿ,” ಎಂದ.